ಮೂರು ದೂರು, ಒಂದು ಜೋಡಿ ಶೂ: ಕಾರವಾರದ ಸ್ಕ್ವಾಷ್ ಆಟಗಾರರೊಬ್ಬರ ಪ್ರಕರಣ

ಆಟಗಾರರಿಗೆ 41 ವರ್ಷ, ತೂಕ 78 ಕೆ.ಜಿ., ಬಲಗೈ ಆಟ. ಕಾರವಾರದಲ್ಲಿ ಕುರ್ಚಿಯಲ್ಲಿ ಕೂತು ಮಾಡುವ ನೌಕರಿ. ಕಾಲೇಜಿನ ದಿನಗಳಲ್ಲಿ ಷಟಲ್ ಆಡಿ ಬಿಟ್ಟವರು, ಎರಡು ವರ್ಷದಿಂದ ಸ್ಕ್ವಾಷ್ (ನಾಲ್ಕು ಗೋಡೆಗಳ ಒಳಗೆ ಚೆಂಡನ್ನು ಗೋಡೆಗೆ ಹೊಡೆದು ಆಡುವ ಆಟ) ಹಿಡಿದಿದ್ದಾರೆ. ವಾರಕ್ಕೆ ಮೂರು ಸಂಜೆ, ಸಲಕ್ಕೆ 40–45 ನಿಮಿಷ. ಬೆಳಗ್ಗೆ ಕಡಲ ದಂಡೆಯ ವಾಕಿಂಗಿಗೆ, ಮಧ್ಯೆ ಪೇಟೆಗೆ, ಸಂಜೆ ಕೋರ್ಟಿಗೆ ಅವರ ಕಾಲಲ್ಲಿದ್ದದ್ದು ಒಂದೇ ರನ್ನಿಂಗ್ ಶೂ.

ಜೂನ್ ಮುಗಿಯುವಷ್ಟರಲ್ಲಿ ದೂರು ಮೂರಾಗಿದ್ದವು. ಎಡಗಾಲು ಎರಡು ತಿಂಗಳಲ್ಲಿ ಎರಡು ಸಲ ಉಳುಕಿತ್ತು. ಎರಡು ಸಲವೂ ಪಾದ ಹೊರ ಅಂಚಿನ ಮೇಲೆ ಮಗುಚಿ. ಬಲಗಾಲಿನ ಹೆಬ್ಬೆರಳ ಉಗುರು ಕಪ್ಪಾಗಿತ್ತು. ಮಳೆ ಹಿಡಿದ ಮೇಲೆ ಮುಂದಿನ ಮೂಲೆಗೆ ಕಾಲು ಚಾಚಿ ನಿಲ್ಲುವಾಗ ಜಾರುತ್ತಿತ್ತು. ದೂರು ಮೂರಾದರೂ ಅವರ ಬೇಡಿಕೆ ಒಂದೇ: "ಗಟ್ಟಿ ಹಿಡಿತ ಇರೋ ಶೂ ಹೇಳಿ, ದುಡ್ಡು 6 ಸಾವಿರದ ತನಕ ಆದ್ರೂ ಅಡ್ಡಿಲ್ಲ."

ಹೆಚ್ಚಿನವರು ಶೂ ಆರಿಸುವುದು ಹೀಗೆಯೇ. ಆದರೆ ಮೂರು ದೂರಿಗೂ ಕಾರಣ ಬೇರೆ ಬೇರೆ ಇತ್ತು. ಅದರಲ್ಲಿ ಹಿಡಿತಕ್ಕೆ ಸಂಬಂಧಪಟ್ಟದ್ದು ಒಂದೇ, ಅದಕ್ಕೂ ಬೇಕಾದ ಮದ್ದು ಹೊಸ ಶೂ ಆಗಿರಲಿಲ್ಲ.

ಹಳೆಯ ಜೋಡಿಯ ತಪಾಸಣೆ

ಹೊಸದನ್ನು ನೋಡುವ ಮೊದಲು ಹಳೆಯದನ್ನು ಬಿಚ್ಚಿ ನೋಡಬೇಕು. ಆಟಗಾರ ಮರೆತದ್ದನ್ನೂ ಶೂ ನೆನಪಿಟ್ಟಿರುತ್ತದೆ.

ಶೂ ಮಗುಚಿ ಹಿಡಿದು, ಕೆಳಗೆ ಬಿಳಿ ಹಾಳೆ ಹಾಸಿ, ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಸೋಲ್‌ನ ಗೆರೆಗಳನ್ನು ಕೆರೆದಾಗ ಒಂದೇ ಕಾಲಿನಿಂದ ಅರ್ಧ ಚಮಚದಷ್ಟು ಕಸ ಉದುರಿತು. ಕಡಲ ಉಸುಕು, ಚಿರೆಕಲ್ಲಿನ ಕೆಂಪು ಮಣ್ಣು, ಕೂದಲು, ಗಾಳಿಮರದ ಮುರಿದ ಸೂಜಿಯೆಲೆ. ಮಣ್ಣು ಪೂರ್ತಿ ಒಣಗಿರಲಿಲ್ಲ. ಬೆರಳ ನಡುವೆ ತಿಕ್ಕಿದರೆ ತೇದ ಗಂಧದ ಹಾಗೆ ನುಣ್ಣಗೆ ಜಾರುತ್ತಿತ್ತು. ಕೋರ್ಟಿನ ಮರದ ನೆಲಕ್ಕೂ ರಬ್ಬರಿಗೂ ನಡುವೆ ಇದ್ದದ್ದು ಈ ಲೇಪ.

ಸೋಲ್ ಪೂರ್ತಿ ರಬ್ಬರ್ ಆಗಿರಲಿಲ್ಲ. ರನ್ನಿಂಗ್ ಶೂಗಳಲ್ಲಿ ಭಾರ ಇಳಿಸಲು ಹಿಮ್ಮಡಿ ಮತ್ತು ತುದಿಗೆ ಮಾತ್ರ ಗಟ್ಟಿ ರಬ್ಬರ್ ತುಂಡು ಅಂಟಿಸಿ, ನಡುವೆ ಇವಿಎ ಎಂಬ ಹಗುರ ಮೆತ್ತನೆಯ ಫೋಮನ್ನು ಬರಿದೆ ಬಿಡುವುದುಂಟು. ಡಾಂಬರಿನ ಮೇಲೆ ಅದು ನಡೆಯುತ್ತದೆ, ಮರದ ಮೇಲೆ ಆ ಫೋಮ್ ಹಿಡಿಯುವುದಿಲ್ಲ. ಹೊರಗಿನಿಂದ ಅಳೆದರೆ ಹಿಮ್ಮಡಿಯ ಕೆಳಗೆ 34 ಮಿ.ಮೀ., ಬೆರಳುಗಳ ಕೆಳಗೆ 24 ಮಿ.ಮೀ. ದಪ್ಪ. ಮುಂದಕ್ಕೆ ಓಡುವ ಕಾಲಿಗೆ ಈ ಎತ್ತರ ಸುಖ. ಅಡ್ಡ ಹೆಜ್ಜೆ ಹಾಕಿ ತಟ್ಟನೆ ನಿಲ್ಲುವ ಕಾಲಿಗೆ ಅದು ಮಣೆಯ ಮೇಲೆ ನಿಂತ ಹಾಗೆ. ಫೋಮ್ ಹೊರ ಅಂಚಿನಲ್ಲಿ ಕುಸಿಯುತ್ತದೆ, ಪಾದ ಮಗುಚುತ್ತದೆ. ಎಡ ಶೂವಿನ ಹೊರ ಅಂಚಿನ ಫೋಮಿನಲ್ಲಿ ಅಡ್ಡ ಸುಕ್ಕುಗಳು ಒಳ ಅಂಚಿಗಿಂತ ಎದ್ದು ಕಾಣುತ್ತಿದ್ದವು. ಶೂವನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿದರೆ ಹಿಮ್ಮಡಿ ಹೊರಕ್ಕೆ ವಾಲಿತ್ತು. ಎರಡು ಉಳುಕಿಗೂ ಮೂಲ ಇಲ್ಲಿತ್ತು.

ಉಗುರಿನ ಕಾರಣ ಒಳಗಿನ ಅಟ್ಟೆಯಲ್ಲಿ ಸಿಕ್ಕಿತು. ಅಟ್ಟೆ ಹೊರಗೆಳೆದು ಬೆಳಕಿಗೆ ಓರೆಯಾಗಿ ಹಿಡಿದರೆ ಬೆರಳುಗಳ ಕುಳಿ ಕಾಣುತ್ತದೆ. ಬಲ ಹೆಬ್ಬೆರಳ ಕುಳಿ ಅಟ್ಟೆಯ ಅಂಚನ್ನೇ ಮುಟ್ಟಿತ್ತು, ಮುಂದೆ ಒಂದು ಅಕ್ಕಿಕಾಳಿನಷ್ಟೂ ಜಾಗವಿರಲಿಲ್ಲ. ಮುಂದಿನ ಮೂಲೆಗೆ ಬಲಗಾಲು ಚಾಚಿ ನಿಂತಾಗಲೆಲ್ಲ ಶೂ ನಿಲ್ಲುತ್ತದೆ, ಒಳಗೆ ಪಾದ ಇನ್ನಷ್ಟು ಮುಂದೆ ಸರಿದು ಉಗುರು ತುದಿಗೆ ಬಡಿಯುತ್ತದೆ. ಅಂಥ ಪೆಟ್ಟು ಮೇಲಿಂದ ಮೇಲೆ ಬಿದ್ದು ಉಗುರಿನಡಿ ರಕ್ತ ಕಟ್ಟಿದ್ದೇ ಆ ಕಪ್ಪು.

ಇಂಥವರಿಗೆ ಹಿಡಿತ ಹೆಚ್ಚಿರುವ ಶೂ ಕೊಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಸೋಲ್ ನೆಲಕ್ಕೆ ಕಚ್ಚಿ ನಿಂತಷ್ಟೂ ಪಾದ ಒಳಗೆ ಜೋರಾಗಿ ಮುಂದೆ ನುಗ್ಗುತ್ತದೆ, ಉಗುರಿಗೆ ಪೆಟ್ಟು ಹೆಚ್ಚು. ಎತ್ತರದ ಮೆತ್ತನೆಯ ತಳದ ಮೇಲೆ ಹಿಡಿತ ಹೆಚ್ಚಾದರೆ ಶೂ ನಿಂತುಬಿಡುತ್ತದೆ, ಮೈ ಮುಂದೆ ಹೋಗುತ್ತದೆ, ನಡುವಿನ ಹೊರೆಯನ್ನೆಲ್ಲ ಪಾದದ ಕೀಲು ಮತ್ತು ಮಂಡಿ ಹೊರಬೇಕಾಗುತ್ತದೆ. ಕೊನೆಯ ಹೆಜ್ಜೆಯಲ್ಲಿ ಶೂ ಬೆರಳಗಲ ಸರಿದು ನಿಲ್ಲುವುದು ಒಳ್ಳೆಯದು. ಅಂಗೈಯಗಲ ಸರಿದರೆ ತೊಂದರೆ.

ಉಳುಕಿದ ಕಾಲಿನ ಬಗ್ಗೆ ಒಂದು ಮಾತು. ಪೆಟ್ಟಾದ ಕೂಡಲೂ, ಆಮೇಲೂ ನಾಲ್ಕು ಹೆಜ್ಜೆ ಊರಿ ನಡೆಯಲಾಗದಿದ್ದರೆ, ಅಥವಾ ಗಿಣ್ಣಿನ ಮೂಳೆಯ ಹಿಂಬದಿಯನ್ನೋ ತುದಿಯನ್ನೋ ಒತ್ತಿದಾಗ ನೋವಿದ್ದರೆ ಎಕ್ಸ್-ರೇ ಆಗಲೇಬೇಕು. ಈ ಆಟಗಾರರಿಗೆ ಅವೆರಡೂ ಇರಲಿಲ್ಲ. ಊತ ಪೂರ್ತಿ ಇಳಿದ ಮೇಲೆಯೇ ಶೂ ಅಳತೆ ತೆಗೆದದ್ದು. ಊದಿದ ಕಾಲಿಗೆ ಕೊಂಡ ಶೂ ತಿಂಗಳಲ್ಲಿ ಸಡಿಲವಾಗುತ್ತದೆ.

ನೆಲ

ಸ್ಕ್ವಾಷ್ ಸಿಂಗಲ್ಸ್ ಕೋರ್ಟು 9.75 ಮೀಟರ್ ಉದ್ದ, 6.4 ಮೀಟರ್ ಅಗಲ. ನೆಲದ ಮೇಲಿನ ಅಡ್ಡಗೆರೆ, ಅಂದರೆ ಷಾರ್ಟ್ ಲೈನ್, ಮುಂದಿನ ಗೋಡೆಯಿಂದ 5.44 ಮೀಟರಿಗಿದೆ. ಆಟಗಾರ ಮತ್ತೆ ಮತ್ತೆ ಬಂದು ನಿಲ್ಲುವ 'ಟಿ' ಅದರ ನಡುವಿಗೆ. ಅಲ್ಲಿಂದ ಎತ್ತ ಹೋದರೂ ಮೂರು ನಾಲ್ಕು ಹೆಜ್ಜೆ, ಒಂದು ಚಾಚು, ಮತ್ತೆ ವಾಪಸು. ಓಟಕ್ಕಿಂತ ನಿಲ್ಲುವುದು ಮತ್ತು ತಿರುಗುವುದೇ ಈ ಆಟದಲ್ಲಿ ಹೆಚ್ಚು. ನೆಲ ಸಾಮಾನ್ಯವಾಗಿ ಮೇಪಲ್ ಅಥವಾ ಬೀಚ್ ಮರದ ಹಲಗೆ; ಬೆವರ ಹನಿಯನ್ನು ಮರವೇ ಹೀರಲಿ ಎಂದು ಮೇಲೆ ವಾರ್ನಿಷ್ ಹಚ್ಚದೆ ಬಿಡುವುದು ವಾಡಿಕೆ. ಹಾಗೆ ಬಿಟ್ಟ ಮರ ಬೆವರನ್ನು ಮಾತ್ರವಲ್ಲ, ಧೂಳನ್ನೂ ಹಿಡಿದಿಟ್ಟುಕೊಳ್ಳುತ್ತದೆ.

ಜಾರಿದ್ದು ಶೂವಿನಿಂದಲೋ ನೆಲದಿಂದಲೋ ಎಂದು ತಿಳಿಯಲು ಒಂದು ಸರಳ ಪರೀಕ್ಷೆ ಸಾಕು. ಬೇಕಾದದ್ದು 5 ಕೆ.ಜಿ. ಅಕ್ಕಿ ಚೀಲ, ಸುತಲಿ, ಬ್ಯಾಗು ತೂಗುವ ಕೊಕ್ಕೆ ತಕ್ಕಡಿ. ಚೀಲವನ್ನು ಶೂವಿನ ಮೇಲೆ ಬಿಗಿದು ಕಟ್ಟಿ, ಲೇಸಿನ ಕೆಳಗಿನ ತೂತಿಗೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ನೆಲಕ್ಕೆ ಸಮನಾಗಿ ಮೆಲ್ಲಗೆ ಎಳೆಯಬೇಕು. ಶೂ ಕದಲುವ ಗಳಿಗೆಯಲ್ಲಿ ತಕ್ಕಡಿ ಎಷ್ಟು ತೋರಿಸುತ್ತದೆಂದು ಬರೆದುಕೊಳ್ಳಬೇಕು. ಒಂದೇ ಜಾಗದಲ್ಲಿ ಐದು ಸಲ ಎಳೆದು, ಮೊದಲ ಎಳೆತ ಬಿಟ್ಟು ಉಳಿದ ನಾಲ್ಕರ ಸರಾಸರಿ ಹಿಡಿದರೆ ಕೈಯ ತಪ್ಪು ಕಡಿಮೆಯಾಗುತ್ತದೆ.

ಈ ಪರೀಕ್ಷೆಯನ್ನು ಕೋರ್ಟಿನಲ್ಲಿ ಒಂದೊಂದು ಮೀಟರಿನ ಎರಡು ಜಾಗದಲ್ಲಿ ಮಾಡಲಾಯಿತು: ಒಂದು ಇದ್ದ ಹಾಗೆಯೇ, ಇನ್ನೊಂದನ್ನು ಹಿಂಡಿದ ಬಟ್ಟೆಯಿಂದ ಒರೆಸಿ ಫ್ಯಾನಿನಲ್ಲಿ ಒಣಗಿಸಿ. ಎಳೆದ ಶೂಗಳೂ ಎರಡು: ಅವರ ಹಳೆಯದು, ಜತೆ ಆಟಗಾರರೊಬ್ಬರ ಹೊಸ ಗಮ್ ಸೋಲ್ (ಮೆತ್ತನೆಯ, ಹಿಡಿತವಿರುವ ರಬ್ಬರ್ ತಳದ) ಶೂ. ಒರೆಸದ ನೆಲದ ಮೇಲೆ ಎರಡೂ ಸುಲಭವಾಗಿ ಜಾರಿದವು, ಹೊಸದು ತುಸು ಮೇಲು ಅಷ್ಟೆ. ಒರೆಸಿದ ನೆಲದ ಮೇಲೆ ಹಳೆಯದರ ಹಿಡಿತವೂ ಏರಿತು, ಹೊಸದರದ್ದು ಬಹಳ ಏರಿತು. ಸೋಲ್ ತೊಳೆದು ಒಣಗಿಸಿದ ಹಳೆ ಶೂ ಒರೆಸಿದ ನೆಲದ ಮೇಲೆ, ಒರೆಸದ ನೆಲದ ಮೇಲಿನ ಹೊಸ ಶೂಗಿಂತ ಗಟ್ಟಿ ನಿಂತಿತು.

ಇದರ ಅರ್ಥ ಸ್ಪಷ್ಟ. ಒಣ ಧೂಳಿನ ಕಣ ರಬ್ಬರಿನಡಿ ರಾಗಿಕಾಳಿನ ಹಾಗೆ ಉರುಳುತ್ತದೆ. ಅದಕ್ಕೆ ತೇವ ಸೇರಿದರೆ ಕೆಸರಿನ ತೆಳು ಪದರವಾಗುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಕಾರವಾರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಎರಡೂ ಬಾಗಿಲಲ್ಲೇ ಇರುತ್ತವೆ. ಅಂಗಳದ ಕೆಸರು ಮೆಟ್ಟಿ ಬಂದ ಅದೇ ಶೂನಲ್ಲಿ ಕೋರ್ಟಿಗಿಳಿಯುವ ಒಬ್ಬರು ಸಾಕು, ಆ ಸಂಜೆ ಆಡುವ ಎಲ್ಲರ ಕಾಲೂ ಜಾರಲಿಕ್ಕೆ.

ಹಾಗಾಗಿ ಜಾರುವ ದೂರಿಗೆ ಕೊಟ್ಟ ಮದ್ದು ಹೀಗಿತ್ತು. ಕೋರ್ಟಿನ ಶೂ ಕೋರ್ಟಿಗೆ ಮಾತ್ರ. ಚೀಲದಲ್ಲಿ ತಂದು, ಬಾಗಿಲ ಬಳಿ ಬೆಂಚಿನ ಮೇಲೆ ಕೂತು ಹಾಕಿಕೊಂಡು, ನೇರ ಒಳಗೆ ಕಾಲಿಡುವುದು. ಮೂತ್ರಕ್ಕೆ ಹೋಗುವಾಗಲೂ ಚಪ್ಪಲಿ ಬದಲಿಸುವುದು. ಆಟಕ್ಕೆ ಮೊದಲು ಅಗಲದ ಒಣ ಮಾಪಿನಿಂದ ಮುಂದಿನ ಗೋಡೆಯಿಂದ ಹಿಂದಕ್ಕೆ ಒಂದು ಸಲ ಎಳೆಯುವುದು, ಎರಡು ನಿಮಿಷದ ಕೆಲಸ. ನಡುವೆ ಸೋಲ್ ಜಾರತೊಡಗಿದರೆ ಹಿಂಡಿದ ಟವೆಲಿನಿಂದ ಒರೆಸಿ, ಒಣ ತುದಿಯಿಂದ ಮತ್ತೆ ಒರೆಸುವುದು. ಸೋಲ್ ಶುದ್ಧಿಗೆ ಪೆಟ್ರೋಲ್, ಥಿನ್ನರ್, ಸೀಮೆಎಣ್ಣೆ ಹಚ್ಚುವ ಅಭ್ಯಾಸ ಕೆಲವರಲ್ಲಿದೆ. ಅದು ಮೊದಲ ದಿನ ಚೆನ್ನಾಗಿ ಹಿಡಿದಂತೆ ಕಂಡರೂ ರಬ್ಬರನ್ನೂ ಅಂಟನ್ನೂ ಕೆಡಿಸುತ್ತದೆ. ಮಾಡಲೇಬಾರದು.

ಇನ್ನೊಂದು ಸಂದರ್ಭವಿದೆ, ಅಲ್ಲಿ ಯಾವ ಶೂವೂ ಕೆಲಸಕ್ಕೆ ಬರುವುದಿಲ್ಲ. ಹೊರಗಿನ ತೇವದ ಗಾಳಿ ತಣ್ಣಗಿನ ಗೋಡೆಗೆ ತಾಗಿ ನೀರಾಗುತ್ತದೆ, ಗೋಡೆ ಬೆವರುತ್ತದೆ, ಚೆಂಡು ಪುಟಿಯುವ ಬದಲು ಜಾರಿ ಹೋಗುತ್ತದೆ. ಅಂಗೈಯನ್ನು ಗೋಡೆಗೂ ನೆಲಕ್ಕೂ ಒತ್ತಿ ನೋಡಿ. ಕೈ ಒದ್ದೆಯಾದರೆ ಆ ದಿನ ಆಟ ಬೇಡ. ಇದರಲ್ಲಿ ರಾಜಿಯಿಲ್ಲ.

ಪಾದದ ಅಳತೆ

ಅಳತೆ ತೆಗೆದದ್ದು ಸಂಜೆ, ಆಟ ಮುಗಿದ ಅರ್ಧ ಗಂಟೆಯೊಳಗೆ, ಆಟದ ಸಾಕ್ಸ್ ಹಾಕಿಕೊಂಡೇ. ದಿನವಿಡೀ ಓಡಾಡಿ ಆಡಿದ ಪಾದ ಬೆಳಗಿನದಕ್ಕಿಂತ ಹಿಗ್ಗಿರುತ್ತದೆ. ಶೂ ಹಿಡಿಸಿಕೊಳ್ಳಬೇಕಾದದ್ದು ಆ ಪಾದವನ್ನು. ಗೋಡೆಗೆ ತಾಗಿಸಿ ಹಾಳೆ ಹಾಸಿ, ಹಿಮ್ಮಡಿ ಗೋಡೆಗೊತ್ತಿ, ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಬಿಟ್ಟು ನಿಂತು, ಪೆನ್ಸಿಲನ್ನು ನೇರ ಹಿಡಿದು ಇನ್ನೊಬ್ಬರು ಗುರುತು ಹಾಕಬೇಕು. ತಾವೇ ಬಗ್ಗಿ ಗುರುತು ಹಾಕಿದರೆ ಭಾರ ಒಂದು ಕಡೆ ಬಿದ್ದು ಅಳತೆ ತಪ್ಪುತ್ತದೆ.

ಎಡಪಾದ 26.0 ಸೆಂ.ಮೀ., ಬಲಪಾದ 26.4 ಸೆಂ.ಮೀ.; ಬೆರಳ ಬುಡದ ಅಗಲ ಎಡಕ್ಕೆ 10.5, ಬಲಕ್ಕೆ 10.7. ಎರಡು ಪಾದಗಳಲ್ಲಿ ಇಷ್ಟು ವ್ಯತ್ಯಾಸ ಸಾಮಾನ್ಯ, ಶೂ ಕೊಳ್ಳುವುದು ದೊಡ್ಡ ಪಾದಕ್ಕೆ. ಗಮನಿಸಬೇಕಾದದ್ದು ಅಗಲ. ಬರಿಗಾಲಲ್ಲಿ, ಹವಾಯಿ ಚಪ್ಪಲಿಯಲ್ಲಿ ಬೆಳೆದ ಪಾದದ ಬೆರಳು ಹರಡಿಕೊಂಡಿರುತ್ತವೆ. ನಮ್ಮ ಕರಾವಳಿಯಲ್ಲಿ ಇಂಥ ಪಾದಗಳೇ ಹೆಚ್ಚು ಕಾಣುವುದು. ಕಿರಿದಾದ ಅಚ್ಚಿನ ಶೂ ಅಂಥವರ ಕಿರುಬೆರಳನ್ನು ಹಿಂಡುತ್ತದೆ. ಅದನ್ನು ತಪ್ಪಿಸಲು ಒಂದು ನಂಬರ್ ದೊಡ್ಡದು ತೆಗೆದುಕೊಂಡರೆ ಉದ್ದ ಜಾಸ್ತಿಯಾಗಿ ಹಿಮ್ಮಡಿ ಒಳಗೆ ಕುಣಿಯುತ್ತದೆ. ಅಗಲದ ತೊಂದರೆಗೆ ಅಗಲದ ಅಚ್ಚೇ ಬೇಕು. ಕೆಲವು ಕಂಪನಿಗಳು '2ಇ' ಎಂದೋ 'ವೈಡ್' ಎಂದೋ ಗುರುತು ಹಾಕಿ ಅದನ್ನು ಬೇರೆಯಾಗಿ ಮಾರುತ್ತವೆ.

ನಂಬರನ್ನು ನಂಬಬೇಡಿ. ನಮ್ಮ ಅಂಗಡಿಗಳ 7, 8, 9 ಬ್ರಿಟಿಷ್ ಲೆಕ್ಕ, ನಂಬರಿನಿಂದ ನಂಬರಿಗೆ 8.5 ಮಿ.ಮೀ. ಅಂತರ, ಅರ್ಧ ನಂಬರಿಗೆ 4.2. ಯುರೋಪಿನ 41, 42ರ ಅಂತರ 6.7 ಮಿ.ಮೀ. ಎರಡು ಲೆಕ್ಕ ಒಂದಕ್ಕೊಂದು ಸರಿಯಾಗಿ ಕೂಡುವುದೇ ಇಲ್ಲ, ಹೀಗಾಗಿಯೂ ಒಂದು ಕಂಪನಿಯ 8 ಇನ್ನೊಂದರ 8 ಆಗಿರುವುದಿಲ್ಲ. ನಾಲಗೆಯ ಒಳಗಿನ ಚೀಟಿಯಲ್ಲಿ ಸೆಂಟಿಮೀಟರ್ ಅಂಕಿ ಇದ್ದರೆ ಅದರಿಂದ ಶುರುಮಾಡಿ, ಆಮೇಲೆ ಅಟ್ಟೆ ತೆಗೆದು ಅಳೆಯಿರಿ. ಅಟ್ಟೆಯ ಉದ್ದ ಪಾದಕ್ಕಿಂತ 8ರಿಂದ 10 ಮಿ.ಮೀ. ಹೆಚ್ಚಿರಬೇಕು. ಈ ಆಟಗಾರರ ಲೆಕ್ಕದಲ್ಲಿ 27.2ರಿಂದ 27.4 ಸೆಂ.ಮೀ. ಅವರ ಹಳೆಯ ಶೂವಿನ ಅಟ್ಟೆ 26.5 ಇತ್ತು.

ಮೂರು ಜೋಡಿ

ಕಾರವಾರದ ಪೇಟೆಯಲ್ಲಿ ಸುಲಭಕ್ಕೆ ಸಿಗುವುದು ರನ್ನಿಂಗ್ ಶೂ, ಆಮೇಲೆ ಷಟಲ್ ಶೂ. ಸ್ಕ್ವಾಷ್‌ಗೆಂದೇ ಮಾಡಿದ್ದು ಬೇಕಿದ್ದರೆ ಹುಬ್ಬಳ್ಳಿಗೋ ಗೋವಾಕ್ಕೋ ಹೋಗಿ ಹುಡುಕಬೇಕು, ಇಲ್ಲವೇ ಆನ್‌ಲೈನ್. ಅದಕ್ಕಾಗಿ ಕಾಯುವ ಅಗತ್ಯವಿಲ್ಲ. ಒಳಾಂಗಣ ಆಟದ ಶೂ, ತಗ್ಗಿನ ತಳ, ಪೂರ್ತಿ ಗಮ್ ರಬ್ಬರ್ ಸೋಲ್, ಪಕ್ಕದ ಗೋಡೆ ಗಟ್ಟಿ: ಈ ನಾಲ್ಕು ಇದ್ದರೆ ಡಬ್ಬಿಯ ಮೇಲೆ ಷಟಲ್ ಎಂದಿದ್ದರೂ ನಡೆಯುತ್ತದೆ. ಟೆನಿಸ್ ಶೂವಿನ ಗಟ್ಟಿ ರಬ್ಬರ್ ಸಿಮೆಂಟು ಕೋರ್ಟಿಗೆ ಮಾಡಿದ್ದು, ಮರದ ಮೇಲೆ ಜಾರುತ್ತದೆ. ಟೇಬಲ್ ಟೆನಿಸ್ ಶೂವಿನ ತಳ 78 ಕೆ.ಜಿ. ತೂಕದವರ ಹಿಮ್ಮಡಿಗೆ ತೀರಾ ತೆಳು. ಒಳಾಂಗಣ ಫುಟ್‌ಬಾಲ್ ಶೂವಿಗೆ ಗಮ್ ಸೋಲ್ ಇದ್ದರೂ ಅಚ್ಚು ಕಿರಿದು.

ನೋಡಿದ್ದು ಮೂರು ಜೋಡಿ. ಮೊದಲನೆಯದು ಸ್ಕ್ವಾಷ್ ಮತ್ತು ಒಳಾಂಗಣ ಆಟಗಳಿಗೆಂದು ಮಾರುವ, ತಗ್ಗಿನ ತಳದ, ಕಿರಿದಾದ ಅಚ್ಚಿನ ಶೂ. ಎರಡನೆಯದು ಅಗಲದ ಅಚ್ಚಿನ ಷಟಲ್ ಶೂ. ಮೂರನೆಯದು ವಾಲಿಬಾಲ್ ಶೂ, ಹಿಮ್ಮಡಿಯಲ್ಲಿ ದಪ್ಪ ಮೆತ್ತೆ. ಹಾಕಿದ ಕೂಡಲೇ ಹಿತವೆನಿಸಿದ್ದು ಮೂರನೆಯದು. ಅಂಗಡಿಯಲ್ಲಿ ನಿಂತಾಗಿನ ಹಿತ ಮೆತ್ತೆಯ ಹಿತ. ಆಟದ ಹಿತ ಬೇರೆ.

ಕೈಯಲ್ಲಿ ಮಾಡಿದ ಪರೀಕ್ಷೆಗಳಲ್ಲಿ ಮೊದಲನೆಯದು ಮಗುಚುವ ಪರೀಕ್ಷೆ. ಶೂವನ್ನು ಮೇಜಿನ ಮೇಲಿಟ್ಟು, ಹಿಮ್ಮಡಿ ಕಟ್ಟಿನ ಮೇಲಂಚಿಗೆ ಒಂದು ಬೆರಳಿಟ್ಟು ಒಳಗಿನಿಂದ ಹೊರಕ್ಕೆ ದೂಡಬೇಕು. ವಾಲಿಬಾಲ್ ಶೂ ಸಣ್ಣ ಒತ್ತಡಕ್ಕೇ ಹೊರ ಅಂಚಿನ ಮೇಲೆ ಎದ್ದಿತು. ಉಳಿದೆರಡು ಮಗುಚುವ ಮೊದಲು ಸಾಕಷ್ಟು ಒತ್ತಡ ತಡೆದವು. ಕಾರಣ ಎತ್ತರವೊಂದೇ ಅಲ್ಲ. ಷಟಲ್ ಶೂವಿನಲ್ಲಿ ಕಿರುಬೆರಳ ಬುಡದ ಬಳಿ ಸೋಲ್ ಹೊರಕ್ಕೆ ಚಾಚಿ, ರಬ್ಬರ್ ಪಕ್ಕದ ಗೋಡೆಯ ಮೇಲೂ ಸ್ವಲ್ಪ ಹತ್ತಿತ್ತು. ಎರಡು ಸಲ ಉಳುಕಿದ ಕಾಲಿಗೆ ಈ ಚಾಚು ದೊಡ್ಡ ಆಸರೆ. ಮೂರನೆಯ ಜೋಡಿ ಅಲ್ಲಿಗೇ ಬಿತ್ತು.

ಆಮೇಲೆ ಬಗ್ಗಿಸುವುದು. ತುದಿ ಮತ್ತು ಹಿಮ್ಮಡಿ ಹಿಡಿದು ಒತ್ತಿದರೆ ಶೂ ಬೆರಳ ಬುಡದಲ್ಲೇ ಬಗ್ಗಬೇಕು. ಪಾದದ ನಡುವಿಗೆ ಬಗ್ಗುವ ಶೂ ಅಂಗಾಲಿನ ತಂತುಪಟ್ಟಿಗೆ ತೊಂದರೆ ಕೊಡಬಹುದು. ತಿರುಚುವಾಗ ತುಸು ತಿರುಚಿಕೊಳ್ಳಲಿ, ಆದರೆ ಹಿಂಡುವ ಪಂಚೆಯ ಹಾಗಲ್ಲ. ಹಿಮ್ಮಡಿ ಕಟ್ಟನ್ನು ಎರಡು ಬೆರಳಲ್ಲಿ ಹಿಚುಕಿದರೆ ಒಳಗೆ ಕುಸಿಯಬಾರದು. ಸೋಲ್‌ಗೆ ಹೆಬ್ಬೆರಳ ಉಗುರೊತ್ತಿದರೆ ಗುರುತು ಮೂಡಿ ಕೂಡಲೇ ಮಾಯವಾಗಬೇಕು. ಗುರುತೇ ಮೂಡದಿದ್ದರೆ ರಬ್ಬರ್ ಗಡುಸಾಗಿದೆ ಎಂದರ್ಥ. ಗೋದಾಮಿನಲ್ಲಿ ವರ್ಷಗಟ್ಟಲೆ ಕೂತ ರಿಯಾಯಿತಿ ಮಾಲಿನಲ್ಲಿ ಇದನ್ನು ಮರೆಯದೆ ನೋಡಬೇಕು. ಕೊನೆಗೆ ಸೋಲನ್ನು ಬಿಳಿ ಹಾಳೆಗೆ ಜೋರಾಗಿ ಉಜ್ಜಿ: ಕಪ್ಪು ಗೆರೆ ಬಿದ್ದರೆ ಅಂಥ ಶೂ ಕೋರ್ಟಿಗೆ ತರುವಂತಿಲ್ಲ.

ಉಳಿದ ಎರಡರ ನಡುವೆ ತೀರ್ಮಾನ ಮಾಡಿದ್ದು ಅಟ್ಟೆ. ಅಟ್ಟೆಗಳನ್ನು ಹೊರತೆಗೆದು ನೆಲದ ಮೇಲಿಟ್ಟು ಅವುಗಳ ಮೇಲೆ ನಿಲ್ಲಿಸಿದಾಗ, ಮೊದಲ ಜೋಡಿಯ ಅಟ್ಟೆಯ ಎರಡೂ ಬದಿಗೆ ಪಾದ ಹೊರಚೆಲ್ಲಿತು, ಕಿರುಬೆರಳು ಪೂರ್ತಿ ಹೊರಗೆ. "ಎರಡು ದಿನ ಹಾಕಿದ್ರೆ ಲೂಸ್ ಆಗ್ತದೆ ಸರ್" ಎಂದರು ಅಂಗಡಿಯವರು. ಮೇಲಿನ ಬಟ್ಟೆ ಅಗಲಕ್ಕೆ ಕೂದಲೆಳೆಯಷ್ಟು ಬಿಟ್ಟುಕೊಡಬಹುದು, ತಳದ ಅಚ್ಚು ಬಿಡುವುದಿಲ್ಲ, ಉದ್ದವಂತೂ ಎಂದೂ ಬಿಡುವುದಿಲ್ಲ. ಎರಡನೆಯ ಜೋಡಿಯ ಅಟ್ಟೆ 27.3 ಸೆಂ.ಮೀ., ಅಗಲದಲ್ಲಿ ಪಾದ ಒಳಗೇ ಉಳಿಯಿತು. ಅದನ್ನೇ ತೆಗೆದುಕೊಂಡರು. ಬೆಲೆ ಅವರಿಟ್ಟ ಮಿತಿಯೊಳಗೇ ಇತ್ತು.

ಕೋರ್ಟಿನಲ್ಲಿ ಹಾಕಿದ ಶೂ ವಾಪಸಾಗುವುದಿಲ್ಲವಾದ್ದರಿಂದ ಮೊದಲ ಪರೀಕ್ಷೆ ಮನೆಯೊಳಗೆ, ಒರೆಸಿದ ಟೈಲ್ಸ್ ಮೇಲೆ, 20 ನಿಮಿಷ. ಮುಂದಕ್ಕೆ ಹತ್ತು ಚಾಚು, ಎರಡೂ ಬದಿಗೆ ಹತ್ತು ಹತ್ತು ಅಡ್ಡ ಹೆಜ್ಜೆ, ಮೆಟ್ಟಿಲಿಳಿಯುವುದು ಎರಡು ಸಲ. ಮೆಟ್ಟಿಲಿಳಿಯುವಾಗ ಉಗುರು ಮುಂದೆ ತಾಗಿದರೆ ಕೋರ್ಟಿನಲ್ಲಿ ಖಂಡಿತ ತಾಗುತ್ತದೆ. ಟೈಲ್ಸ್ ಮೇಲಿನ ಹಿಡಿತಕ್ಕೆ ಮಾತ್ರ ಬೆಲೆ ಕೊಡಬೇಡಿ, ಮರದ ನೆಲದ ಲೆಕ್ಕ ಬೇರೆ.

ಲೇಸ್

ಶೂ ಸರಿಯಿದ್ದೂ ಮೊದಲ ವಾರ ಬಲ ಹೆಬ್ಬೆರಳು ಎರಡು ಸಲ ಮುಂದೆ ತಾಗಿತು. ಅವರು ಎಲ್ಲ ತೂತಿಗೂ ಒಂದೇ ಬಿಗಿ ಕೊಟ್ಟು, ಮೇಲಿನ ಕೊನೆಯ ತೂತು ಖಾಲಿ ಬಿಡುತ್ತಿದ್ದರು. ಆ ತೂತು ಇರುವುದೇ ಹಿಮ್ಮಡಿ ಬಿಗಿಯಲು. ಲೇಸನ್ನು ಅದೇ ಬದಿಯ ಕೊನೆಯ ತೂತಿಗೆ ಹೊರಗಿನಿಂದ ಒಳಕ್ಕೆ ತೂರಿಸಿ ಸಣ್ಣ ಕುಣಿಕೆ ಬಿಡಬೇಕು. ಎರಡೂ ಬದಿಗೆ ಹೀಗೆ ಮಾಡಿ, ಎಡದ ತುದಿಯನ್ನು ಬಲದ ಕುಣಿಕೆಯೊಳಗೆ, ಬಲದ್ದನ್ನು ಎಡದ ಕುಣಿಕೆಯೊಳಗೆ ತಂದು, ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದೆ ಕೂರಿಸಿ, ಎರಡನ್ನೂ ಕೆಳಕ್ಕೆ ಹಿಂದಕ್ಕೆ ಎಳೆದು ಗಂಟು ಹಾಕುವುದು. ಬೆರಳ ಬುಡದ ಎರಡು ಸಾಲು ಸಡಿಲ, ನಡುವೆ ಮಧ್ಯಮ, ಮೇಲೆ ಬಿಗಿ. ಇದರ ನಂತರ ತಾಗುವುದು ನಿಂತಿತು.

ದಪ್ಪ ಹತ್ತಿ ಸಾಕ್ಸ್ ಇಲ್ಲಿಯ ಸೆಕೆಗೆ ಹದಿನೈದು ನಿಮಿಷದಲ್ಲಿ ಒದ್ದೆಯಾಗಿ ಪಾದ ಒಳಗೇ ಜಾರುತ್ತದೆ. ನೈಲಾನ್–ಪಾಲಿಯೆಸ್ಟರ್ ಮಿಶ್ರಣದ ಎರಡು ಜೊತೆ ಇಟ್ಟುಕೊಂಡು, ಎರಡನೇ ಗೇಮಿನ ನಂತರ ಬದಲಿಸಿದರು.

ಬಚ್ಚಲ ಒಲೆ

ಹಳೆಯ ಶೂವಿನ ತುದಿ ಬಾಯಿ ಬಿಟ್ಟಿತ್ತು. ಮೇಲೆ ಹೇಳದೆ ಉಳಿಸಿದ ಸಂಗತಿ ಇದು, ಏಕೆಂದರೆ ಹೊಸ ಜೋಡಿಯ ಆಯುಷ್ಯ ಇದರ ಮೇಲೇ ನಿಂತಿದೆ. ಮಳೆಗಾಲದಲ್ಲಿ ಬಟ್ಟೆಯ ಜತೆ ಶೂವನ್ನೂ ಬಚ್ಚಲ ಒಲೆಯ ಬದಿಗೆ ಒಣಗಲು ಇಡುತ್ತಿದ್ದರು. ಸೋಲ್ ಅಂಟಿಸುವ ಗೋಂದು ಬಿಸಿಗೆ ಮೆತ್ತಗಾಗುವಂಥದ್ದು. ಕಾರ್ಖಾನೆಯಲ್ಲಿ ಅಂಟಿಸುವಾಗಲೂ ಅದನ್ನು ಕಾಯಿಸಿಯೇ ಒತ್ತುತ್ತಾರೆ. ಒಲೆಯ ಬದಿಯಲ್ಲಿ ಅದು ಮತ್ತೆ ಮೆತ್ತಗಾಗುತ್ತದೆ, ಫೋಮ್ ಕುಗ್ಗುತ್ತದೆ, ಮರುದಿನದ ಮೊದಲ ಚಾಚಿಗೆ ತುದಿ ಬಿಡುತ್ತದೆ. ಬಿಸಿಲಲ್ಲಿ ಮುಚ್ಚಿದ ಕಾರಿನ ಡಿಕ್ಕಿಯೂ ಅಷ್ಟೇ ಕೆಟ್ಟದು.

ಹಾಗೆಂದು ಒದ್ದೆ ಬಿಟ್ಟರೆ ಬೂಷ್ಟು. ಪಾಲಿಯುರೆಥೇನ್ ಇರುವ ತಳವಾದರೆ ತೇವಕ್ಕೆ ಒಳಗೊಳಗೇ ಕೊಳೆತು, ಬಳಸದೆ ಡಬ್ಬಿಯಲ್ಲಿಟ್ಟ ಶೂ ಕೂಡ ಒಂದು ದಿನ ಹಳೆ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. "ಹೊಸದೇ ಇತ್ತು, ಒಂದು ಸಲ ಹಾಕಿದ್ದೇ ಕಿತ್ತು ಬಂತು" ಎಂದು ಕರಾವಳಿಯವರು ಹೇಳುವುದರ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಒಣಗಿಸುವ ಸರಿಯಾದ ಕ್ರಮ: ಮನೆಗೆ ಬಂದ ಕೂಡಲೇ ಲೇಸ್ ಪೂರ್ತಿ ಸಡಿಲಿಸಿ, ನಾಲಗೆ ಹೊರಗೆಳೆದು, ಅಟ್ಟೆ ಬೇರೆ ತೆಗೆದಿಟ್ಟು, ಹಳೆ ದಿನಪತ್ರಿಕೆಯ ಎರಡು ಹಾಳೆಯನ್ನು ಮುದ್ದೆ ಮಾಡಿ ತುದಿಯವರೆಗೆ ತುರುಕುವುದು. ಎರಡು ಗಂಟೆಗೆ ಆ ಮುದ್ದೆ ತೆಗೆದು ಹೊಸದು ತುಂಬಿ, ಶೂವನ್ನು ಓರೆಯಾಗಿ ಫ್ಯಾನಿನ ಕೆಳಗೆ ರಾತ್ರಿಯಿಡೀ ಬಿಡುವುದು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬಾರದು, ಬಟ್ಟೆ ಚೀಲ ಸಾಕು. ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಟ್ಟು ಆಡುವವರಿಗೆ ಒಂದೇ ಜೋಡಿ ಒಣಗಲು ಸಮಯ ಸಿಗುತ್ತದೆ. ದಿನವೂ ಆಡುವವರಿಗೆ ಎರಡು ಜೋಡಿ ಬೇಕೇ ಬೇಕು.

ತುದಿ ಬಿಟ್ಟ ಶೂವನ್ನು ಮತ್ತೆ ಅಂಟಿಸಬಹುದು, ಆದರೆ ಮಳೆ ಹೊಯ್ಯುವ ದಿನ ಬೇಡ. ಹಚ್ಚಿದ ಅಂಟಿನ ಮೇಲೆ ಗಾಳಿಯ ತೇವ ಕೂತು ಕೂಡಿಕೊಳ್ಳುವುದಿಲ್ಲ. ಹಳೆ ಅಂಟು ಕೆರೆದು, ಉಪ್ಪುಕಾಗದದಿಂದ ಒರಟು ಮಾಡಿ, ಎರಡೂ ಮುಖಕ್ಕೆ ರಬ್ಬರ್ ಅಂಟು ತೆಳ್ಳಗೆ ಹಚ್ಚಿ, ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಒತ್ತಿ, 24 ಗಂಟೆ ಭಾರ ಹೇರಬೇಕು. ಚಪ್ಪಲಿ ರಿಪೇರಿಯವರಲ್ಲಿ ಸುತ್ತ ಹೊಲಿಗೆ ಹಾಕಿಸಿದರೂ ಸರಿಯೆ, ಮೊಳೆ ಮಾತ್ರ ಹೊಡೆಸಬಾರದು. ಒಂದು ಮೊಳೆಯ ತಲೆ ಹೊರಬಂದರೆ ಕೋರ್ಟಿನ ಹಲಗೆಯಲ್ಲಿ ಗೀರು ಬಿದ್ದಂತೆಯೇ.

ಎಂಟು ವಾರ

ಮೊದಲ ಎರಡು ವಾರ ಸಲಕ್ಕೆ 20–25 ನಿಮಿಷ ಮಾತ್ರ ಆಡಿದರು. ಎತ್ತರದ ಹಿಮ್ಮಡಿಯಿಂದ ತಗ್ಗಿನದಕ್ಕೆ ಇಳಿದಾಗ ಮೀನಖಂಡವೂ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವೂ ಹೆಚ್ಚು ಹಿಗ್ಗಬೇಕಾಗುತ್ತದೆ, ಅವಸರ ಮಾಡಿದರೆ ಅಲ್ಲಿ ಹೊಸ ನೋವು ಶುರು. ಜತೆಗೆ ದಿನಕ್ಕೆ ಎರಡು ಹೊತ್ತು, ಹಲ್ಲುಜ್ಜುವಾಗ, ಎಡಗಾಲೊಂದರ ಮೇಲೆಯೇ ನಿಲ್ಲುವ ಅಭ್ಯಾಸ. ಒಮ್ಮೆ ಉಳುಕಿದ ಕೀಲು ಮತ್ತೆ ಉಳುಕದಿರಲು ಶೂ ಅರ್ಧ ಕೆಲಸ ಮಾಡುತ್ತದೆ, ಉಳಿದರ್ಧ ಈ ಸಮತೋಲನದ ಅಭ್ಯಾಸದ್ದು.

ಚೌತಿ ಹಬ್ಬದ ಹೊತ್ತಿಗೆ ಲೆಕ್ಕ ಹೀಗಿತ್ತು. ಎಡಗಾಲು ಮತ್ತೆ ಹೊರಳಿಲ್ಲ. ಎಂಟು ವಾರ ಅದಕ್ಕೆ ಸಾಕಾದ ಪುರಾವೆಯಲ್ಲ, ಹೊರ ಅಂಚಿನ ಫೋಮಿನಲ್ಲಿ ಸುಕ್ಕು ಬಿದ್ದಿಲ್ಲ ಎನ್ನುವುದು ಸದ್ಯಕ್ಕೆ ಒಳ್ಳೆಯ ಗುರುತು. ಉಗುರಿನ ಬುಡದಲ್ಲಿ ತಿಳಿ ಬಣ್ಣದ ಹೊಸ ಉಗುರು ಕಾಣಿಸಿಕೊಂಡಿದೆ. ಹೆಬ್ಬೆರಳ ಉಗುರು ಪೂರ್ತಿ ಬದಲಾಗಲು ವರ್ಷ, ಒಂದೂವರೆ ವರ್ಷ ಹಿಡಿಯುತ್ತದೆ. ಜಾರಿದ್ದು ಎರಡು ಸಂಜೆ ಮಾತ್ರ, ಎರಡೂ ಗೋಡೆ ಬೆವರಿದ ದಿನ. ಎರಡನೆಯ ಸಲ ಅವರೇ ಆಟ ನಿಲ್ಲಿಸಿ ಹೊರಬಂದರು.

ಒಂದು ಕೊರತೆ ಉಳಿದಿದೆ. ಎಡ ಶೂವಿನ ತುದಿಯ ಒಳಮಗ್ಗುಲು, ಚಾಚಿನ ನಂತರ ಹಿಂಗಾಲನ್ನು ನೆಲಕ್ಕೆ ಎಳೆದು ತರುವ ಕಡೆ, ಬಟ್ಟೆ ಆಗಲೇ ನವೆದಿದೆ. ಷಟಲ್ ಶೂಗಳಲ್ಲಿ ಈ ಜಾಗಕ್ಕೆ ಸ್ಕ್ವಾಷ್ ಶೂನಷ್ಟು ಗಟ್ಟಿ ಪಟ್ಟಿ ಇರುವುದಿಲ್ಲ. ಸದ್ಯಕ್ಕೆ ಅಲ್ಲಿಗೆ ಎರಡು ರೂಪಾಯಿ ನಾಣ್ಯದಗಲದ ತೆಳು ರೆಕ್ಸಿನ್ ತುಂಡು ಅಂಟಿಸಲಾಗಿದೆ. ಅದು ಸವೆದು ಕೆಳಗಿನ ಬಟ್ಟೆಯ ನೂಲು ಕಂಡ ದಿನ, ಅಗಲದ ಅಚ್ಚಿನಲ್ಲೇ, ತುದಿಗೆ ರಬ್ಬರ್ ಪಟ್ಟಿ ಇರುವ ಜೋಡಿ ಹುಡುಕಬೇಕು. ಹಾಳೆಯ ಮೇಲಿನ ಪಾದದ ಗುರುತು ಅದಕ್ಕಾಗಿ ಮಡಚಿ ಶೂ ಡಬ್ಬಿಯಲ್ಲೇ ಇಟ್ಟಿದ್ದಾರೆ.